ಸಣ್ಣ ಪ್ರೋಗ್ರಾಮು, ಉದ್ದ ಸರಪಳಿ: ಪಾಲಿಮರ್ ಅನುಕರಣೆಯ ಸಮೀಕ್ಷೆ

ಪಾಲಿಮರ್ ಅಣುವೆಂದರೆ ಕೆಲವೇ ಬಗೆಯ ಸಣ್ಣ ಘಟಕಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಾಲಾಗಿ ಕೂಡಿಕೊಂಡ ಉದ್ದ ಸರಪಳಿ. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್, ಟೈರಿನ ರಬ್ಬರ್, ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ರೇಷ್ಮೆ, ಜೀವಕೋಶದೊಳಗಿನ ಡಿಎನ್‌ಎ ಎಲ್ಲವೂ ಈ ಜಾತಿಯವೇ. ರಸಾಯನಶಾಸ್ತ್ರದ ಕಣ್ಣಿಗೆ ಇವು ಬೇರೆ ಬೇರೆ ವಸ್ತುಗಳು. ಆದರೆ ಉದ್ದವಾಗಿರುವುದು, ಬಾಗುವುದು, ಬಿಸಿಯಿಂದ ಸದಾ ಅಲುಗಾಡುತ್ತಿರುವುದು ಇವೆಲ್ಲಕ್ಕೂ ಸಮಾನ. ಹತ್ತು ಸಾವಿರ ಕೊಂಡಿಗಳ ಸರಪಳಿಯಲ್ಲಿ ಪ್ರತಿ ಕೊಂಡಿಗೂ ಮೂರೇ ದಿಕ್ಕುಗಳ ಆಯ್ಕೆ ಇದೆಯೆಂದುಕೊಂಡರೂ ಒಟ್ಟು ಆಕಾರಗಳ ಸಂಖ್ಯೆಯನ್ನು ಬರೆಯಲು 4,772 ಅಂಕೆಗಳು ಬೇಕು. ಇಂಥ ಅಣುವಿನ ಆಕಾರ ಯಾವುದೆಂದು ಕೇಳಿ ಪ್ರಯೋಜನವಿಲ್ಲ. ಸರಾಸರಿಯಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆ, ಎಳೆದರೆ ಎಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ, ಎಷ್ಟು ಹೊತ್ತಿನಲ್ಲಿ ತನ್ನ ಹಳೆಯ ಆಕಾರವನ್ನು ಮರೆಯುತ್ತದೆ ಎಂದು ಕೇಳಬೇಕು. ಸರಾಸರಿಯ ಮಾತು ಬಂದ ಕೂಡಲೇ ಕಂಪ್ಯೂಟರಿಗೆ ಕೆಲಸ ಸಿಗುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನ ಉತ್ತರ ಭಾಗದಲ್ಲಿ ಒಂದು ನೆಲೆಯೇ ಇದೆ. ಮಲ್ಲೇಶ್ವರ, ಯಶವಂತಪುರಗಳ ನಡುವೆ ಭಾರತೀಯ ವಿಜ್ಞಾನ ಸಂಸ್ಥೆ, ಮೇಖ್ರಿ ವೃತ್ತದ ಬಳಿ ರಾಮನ್ ಸಂಶೋಧನಾ ಸಂಸ್ಥೆ, ಹೆಬ್ಬಾಳ ದಾಟಿದರೆ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಇನ್ನೂ ಮುಂದೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ. ನಲವತ್ತು ಸಾಲಿನ ಪ್ರೋಗ್ರಾಮಿನಿಂದ ಸೂಪರ್‌ಕಂಪ್ಯೂಟರಿನಲ್ಲಿ ವಾರಗಟ್ಟಲೆ ಓಡುವ ಲೆಕ್ಕದವರೆಗೆ ಪಾಲಿಮರ್ ಅನುಕರಣೆಯ ಹಲವು ಮೆಟ್ಟಿಲುಗಳು ಈ ಸಂಸ್ಥೆಗಳ ಕೆಲಸದಲ್ಲಿ ಕಾಣಸಿಗುತ್ತವೆ. ಕೆಳಗಿನ ಮೆಟ್ಟಿಲನ್ನು ವಿದ್ಯಾರ್ಥಿಗಳ ಆಟವೆಂದು ಕಡೆಗಣಿಸುವುದುಂಟು. ಈ ಕ್ಷೇತ್ರದಲ್ಲಿ ನಿಂತ ಫಲಿತಾಂಶಗಳಲ್ಲಿ ಹೆಚ್ಚಿನವು ಬಂದಿರುವುದು ಆ ಮೆಟ್ಟಿಲಿನಿಂದಲೇ.

ಎಲ್ಲಕ್ಕಿಂತ ಸರಳವಾದ ಮಾದರಿ ಯಾದೃಚ್ಛಿಕ ನಡಿಗೆ. 1934ರಲ್ಲಿ ವೆರ್ನರ್ ಕೂನ್ ಇದನ್ನು ಸರಪಳಿ ಅಣುಗಳಿಗೆ ಅನ್ವಯಿಸಿದ. ಚೌಕಳಿ ಹಾಳೆಯ ಒಂದು ಬಿಂದುವಿನಿಂದ ಹೊರಟು, ಪ್ರತಿ ಹೆಜ್ಜೆಗೂ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ಮುಂದುವರಿದರೆ ಒಂದು ಸರಪಳಿ ಸಿದ್ಧ. ಪೈಥಾನಿನಲ್ಲಿ ಇದು ಹತ್ತು ಸಾಲಿಗೆ ಮುಗಿಯುತ್ತದೆ. ಯಲಹಂಕದ ಸುತ್ತಲಿನ ಯಾವ ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಬರೆಯಬಲ್ಲ. ಸಾವಿರಾರು ನಡಿಗೆಗಳನ್ನು ಹುಟ್ಟಿಸಿ, ಎರಡು ತುದಿಗಳ ನಡುವಿನ ದೂರದ ವರ್ಗವನ್ನು ಸರಾಸರಿ ಮಾಡಿದರೆ ಅದು ಕೊಂಡಿಗಳ ಸಂಖ್ಯೆಗೆ ಸಮವಾಗಿ ಬರುತ್ತದೆ. ಅಂದರೆ ಹತ್ತು ಸಾವಿರ ಕೊಂಡಿಗಳ ಸರಪಳಿ ಹರಡಿಕೊಳ್ಳುವುದು ಕೇವಲ ನೂರು ಕೊಂಡಿಗಳಷ್ಟು ದೂರ.

ನಿಜವಾದ ಪಾಲಿಥೀನಿಗೆ ಇದನ್ನು ಹಾಗೆಯೇ ಹೊಂದಿಸಲು ಬರುವುದಿಲ್ಲ. ಇಂಗಾಲದ ಎರಡು ಪರಮಾಣುಗಳ ನಡುವಿನ ಬಂಧದ ಉದ್ದ 0.154 ನ್ಯಾನೊಮೀಟರ್; ಹತ್ತು ಸಾವಿರ ಬಂಧಗಳಿಗೆ ಲೆಕ್ಕ 15 ನ್ಯಾನೊಮೀಟರ್ ಎನ್ನುತ್ತದೆ. ವಾಸ್ತವದಲ್ಲಿ ಅದು 40ರ ಆಸುಪಾಸಿನಲ್ಲಿದೆ. ಬಂಧಗಳ ನಡುವಿನ ಕೋನ ನಿಗದಿಯಾಗಿರುವುದರಿಂದ ಪಕ್ಕಪಕ್ಕದ ಬಂಧಗಳು ಒಂದಿಷ್ಟು ದೂರದವರೆಗೆ ಒಂದೇ ಕಡೆ ಮುಖಮಾಡಿರುತ್ತವೆ. ಇದಕ್ಕೆ ಕೂನ್ ಕಂಡುಕೊಂಡ ಉಪಾಯ ಸುಲಭದ್ದು: ಕೆಲವು ಬಂಧಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಕೊಂಡಿಯೆಂದು ಎಣಿಸುವುದು. ಆಗ ಸಂಖ್ಯೆಯ ಮುಂದಿನ ಗುಣಕ ಬದಲಾಗುತ್ತದೆ, ವರ್ಗಮೂಲದ ನಿಯಮ ಬದಲಾಗುವುದಿಲ್ಲ. ರಸಾಯನವೆಲ್ಲ ಒಂದು ಗುಣಕದೊಳಗೆ ಅಡಗಿ ಕೂರುತ್ತದೆ. ಸರಳ ಪ್ರೋಗ್ರಾಮುಗಳಿಗೆ ಇರುವ ಧೈರ್ಯವೆಲ್ಲ ಇದರಿಂದ ಬಂದದ್ದು.

ರಬ್ಬರಿನ ಸ್ಥಿತಿಸ್ಥಾಪಕತೆಗೂ ಇದೇ ಪ್ರೋಗ್ರಾಮು ಸಾಕು. ತುದಿಗಳು ಹತ್ತಿರವಿರುವ ಆಕಾರಗಳು ಅಸಂಖ್ಯ, ಪೂರ್ತಿ ಚಾಚಿಕೊಂಡಿರುವ ಆಕಾರಗಳು ಬೆರಳೆಣಿಕೆಯಷ್ಟು. ಎಳೆದ ರಬ್ಬರ್ ಹಿಂದಕ್ಕೆ ಜಗ್ಗುವುದು ಬಂಧಗಳು ಹಿಗ್ಗಿದ್ದರಿಂದಲ್ಲ, ಹೆಚ್ಚು ಆಕಾರಗಳಿರುವ ಕಡೆಗೆ ಸರಪಳಿ ವಾಲುವುದರಿಂದ. ಬಿಸಿ ಮಾಡಿದಾಗ ಎಳೆದ ರಬ್ಬರ್ ಇನ್ನಷ್ಟು ಬಿಗಿಯಾಗುವುದಕ್ಕೂ ಕಾರಣ ಇದೇ.

ಯಾದೃಚ್ಛಿಕ ನಡಿಗೆಯಲ್ಲಿ ಒಂದು ದೊಡ್ಡ ಸುಳ್ಳಿದೆ: ಅದು ತಾನು ಮೊದಲೇ ನಿಂತ ಜಾಗಕ್ಕೆ ಮತ್ತೆ ಬರಬಹುದು. ನಿಜವಾದ ಪರಮಾಣುಗಳೆರಡು ಒಂದೇ ಜಾಗದಲ್ಲಿ ಇರಲಾರವು. ಆದ್ದರಿಂದ ತನ್ನ ದಾರಿಯನ್ನು ತಾನೇ ತಪ್ಪಿಸಿಕೊಂಡು ಹೋಗುವ ನಡಿಗೆ ಬೇಕಾಗುತ್ತದೆ. ಪ್ರೋಗ್ರಾಮಿಗೆ ಸೇರಿಸಬೇಕಾದ್ದು ಒಂದೇ ಸಾಲು: ಹೊಸ ಬಿಂದು ಹಳೆಯ ಪಟ್ಟಿಯಲ್ಲಿ ಇದ್ದರೆ ನಡಿಗೆಯನ್ನು ಕೈಬಿಡು. ಆ ಒಂದು ಸಾಲಿನಿಂದ ಹುಟ್ಟುವ ಗಣಿತ ಇಂದಿಗೂ ಪೂರ್ತಿ ಬಿಡಿಸಲಾಗದ ಗಂಟು. ಚೌಕಳಿಯ ಮೇಲೆ ಇಂಥ ನಡಿಗೆಗಳ ಎಣಿಕೆ 4, 12, 36 ಎಂದು ಸಲೀಸಾಗಿ ಶುರುವಾಗಿ ನಾಲ್ಕನೆಯ ಹೆಜ್ಜೆಯಲ್ಲೇ ಹದ ತಪ್ಪುತ್ತದೆ. 108ರ ಬದಲು 100 ಬರುತ್ತದೆ, ಏಕೆಂದರೆ ಎಂಟು ನಡಿಗೆಗಳು ಚೌಕ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತವೆ. ಹತ್ತು ಹೆಜ್ಜೆಗೆ ಒಟ್ಟು ಯಾದೃಚ್ಛಿಕ ನಡಿಗೆಗಳು 10,48,576. ಅವುಗಳಲ್ಲಿ ತನ್ನನ್ನು ತಾನು ಮುಟ್ಟದವು 44,100. ಯಾವುದೇ ಹೆಜ್ಜೆಗೆ ಈ ಎಣಿಕೆ ಎಷ್ಟೆಂದು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ. ಜೇನುಗೂಡಿನಂಥ ಷಟ್ಕೋನ ಜಾಲಕದ ಮೇಲೆ ಎಣಿಕೆ ಹೆಜ್ಜೆಗೆ ಯಾವ ದರದಲ್ಲಿ ಬೆಳೆಯುತ್ತದೆಂಬುದನ್ನು ಮಾತ್ರ ಯೂಗೊ ದ್ಯುಮಿನಿಲ್ ಕೊಪಾನ್ ಮತ್ತು ಸ್ಟಾನಿಸ್ಲಾವ್ ಸ್ಮಿರ್ನೊವ್ 2012ರಲ್ಲಿ ಪ್ರಕಟಿಸಿದ ಸಾಧನೆಯಲ್ಲಿ ಖಚಿತಪಡಿಸಿದರು: ಸುಮಾರು 1.848. ಚೌಕಳಿಯ ದರ 2.638 ಎಂಬುದು ಈಗಲೂ ಎಣಿಸಿ ತಿಳಿದದ್ದೇ ಹೊರತು ಸಾಧಿಸಿದ್ದಲ್ಲ.

ಪ್ರೋಗ್ರಾಮು ಬರೆಯುವವರಿಗೆ ತೊಂದರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಬಂದ ದಾರಿಗೆ ಕೂಡಲೇ ಹಿಂದಿರುಗುವುದನ್ನು ಮೊದಲೇ ತಡೆದರೂ, ಹತ್ತು ಹೆಜ್ಜೆಗೆ ನೂರರಲ್ಲಿ 56 ನಡಿಗೆಗಳು ಮಾತ್ರ ಉಳಿಯುತ್ತವೆ. ಇಪ್ಪತ್ತಕ್ಕೆ 19. ಐವತ್ತಕ್ಕೆ ಇನ್ನೂರರಲ್ಲಿ ಸುಮಾರು ಒಂದು. ನೂರು ಹೆಜ್ಜೆಗೆ ಲಕ್ಷದಲ್ಲಿ ಒಂದು. ಸಾವಿರ ಹೆಜ್ಜೆಯ ಸರಪಳಿ ಈ ವಿಧಾನದಲ್ಲಿ ಯಾವ ಕಂಪ್ಯೂಟರಿಗೂ ಸಿಗದು. ಇಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ ಒಂದಿದೆ: ದಾರಿ ಮುಚ್ಚಿದ ಕಡೆ ಹೋಗದೆ, ಖಾಲಿ ಇರುವ ಬಿಂದುಗಳಲ್ಲೇ ಒಂದನ್ನು ಆರಿಸಿಕೊಳ್ಳುವುದು. ಪ್ರೋಗ್ರಾಮು ಓಡುತ್ತದೆ, ಉದ್ದ ಸರಪಳಿಗಳು ಬೀಳುತ್ತವೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಸರಾಸರಿ ಮಾತ್ರ ತಪ್ಪು. ಈ ರೀತಿ ಬೆಳೆದಾಗ ಒತ್ತೊತ್ತಾಗಿ ಸುತ್ತಿಕೊಂಡ ಆಕಾರಗಳು ತಮ್ಮ ಪಾಲಿಗಿಂತ ಹೆಚ್ಚು ಸಲ ಬರುತ್ತವೆ, ಏಕೆಂದರೆ ಅವುಗಳ ದಾರಿಯಲ್ಲಿ ಆಯ್ಕೆಗಳು ಕಡಿಮೆ.

1955ರಲ್ಲಿ ಮಾರ್ಷಲ್ ರೋಸೆನ್‌ಬ್ಲೂತ್ ಮತ್ತು ಅರಿಯಾನಾ ರೋಸೆನ್‌ಬ್ಲೂತ್ ದಂಪತಿ ಇದಕ್ಕೆ ಪರಿಹಾರ ಕೊಟ್ಟರು. ಎರಡು ವರ್ಷ ಹಿಂದೆ, 1953ರಲ್ಲಿ, ಮೆಟ್ರೋಪೊಲಿಸ್ ವಿಧಾನವೆಂದು ಹೆಸರಾದ ಪ್ರಬಂಧದಲ್ಲಿಯೂ ಇಬ್ಬರ ಹೆಸರಿತ್ತು. ಪ್ರತಿ ಹೆಜ್ಜೆಯಲ್ಲಿ ಎಷ್ಟು ಖಾಲಿ ಬಿಂದುಗಳಿದ್ದವೋ ಆ ಸಂಖ್ಯೆಗಳನ್ನೆಲ್ಲ ಗುಣಿಸಿ ಸರಪಳಿಗೆ ಒಂದು ತೂಕ ಕೊಡಬೇಕು. ಸರಾಸರಿ ತೆಗೆಯುವಾಗ ಆ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು. ಗಣಿತ ಸರಿಹೋಯಿತು, ಆದರೆ ಸರಪಳಿ ಉದ್ದವಾದಂತೆ ಸಾವಿರ ಮಾದರಿಗಳಲ್ಲಿ ಒಂದೆರಡರ ತೂಕವೇ ಉಳಿದೆಲ್ಲವನ್ನೂ ಮುಳುಗಿಸತೊಡಗಿತು. 1997ರಲ್ಲಿ ಪೀಟರ್ ಗ್ರಾಸ್‌ಬರ್ಗರ್ ಇದನ್ನು ತಿದ್ದಿದ: ಬೆಳೆಯುವಾಗಲೇ ತೂಕ ಹೆಚ್ಚಾದ ಸರಪಳಿಯ ನಕಲು ತೆಗೆದು ತೂಕವನ್ನು ಹಂಚುವುದು, ತೂಕ ಕಡಿಮೆಯಾದವುಗಳಲ್ಲಿ ಅರ್ಧದಷ್ಟನ್ನು ಕಿತ್ತುಹಾಕಿ ಉಳಿದವುಗಳ ತೂಕ ಇಮ್ಮಡಿಸುವುದು. ತನ್ನನ್ನೇ ತಾನು ಕರೆಯುವ ಒಂದು ಫಂಕ್ಷನ್ ಬರೆಯಬಲ್ಲವರಿಗೆ ಇದು ಒಂದು ಪುಟದ ಕೆಲಸ.

ಇನ್ನೊಂದು ದಾರಿ, ಸರಪಳಿಯನ್ನು ಹೊಸದಾಗಿ ಬೆಳೆಸದೆ ಇರುವುದನ್ನೇ ಅಲುಗಾಡಿಸುವುದು. ವರ್ಡಿಯರ್ ಮತ್ತು ಸ್ಟಾಕ್‌ಮೇಯರ್ 1962ರಲ್ಲಿ ಒಂದೊಂದೇ ಮಣಿಯನ್ನು, ಅಂದರೆ ಸರಪಳಿಯ ಒಂದೊಂದೇ ಬಿಂದುವನ್ನು, ಪಕ್ಕದ ಮೂಲೆಗೆ ಮಗುಚುವ ವಿಧಾನ ಹೇಳಿದರು. ವಾಲ್ ಮತ್ತು ಮ್ಯಾಂಡೆಲ್ 1975ರಲ್ಲಿ ಬಾಲದ ಮಣಿಯನ್ನು ಕಿತ್ತು ತಲೆಗೆ ಸೇರಿಸುವ ವಿಧಾನ ತಂದರು. ಎರಡರಲ್ಲೂ ಒಂದು ಗುಪ್ತ ದೋಷವಿದೆ. ಕೆಲವು ಆಕಾರಗಳಿಗೆ ಸಿಕ್ಕಿಬಿದ್ದ ಸರಪಳಿ ಅಲ್ಲಿಂದ ಹೊರಬರುವುದೇ ಇಲ್ಲ, ಹೊರಗಿರುವುದು ಅಲ್ಲಿಗೆ ಹೋಗುವುದೂ ಇಲ್ಲ. ಎಷ್ಟು ಹೊತ್ತು ಓಡಿಸಿದರೂ ಪ್ರೋಗ್ರಾಮು ಆ ಆಕಾರಗಳನ್ನು ಎಣಿಕೆಯಲ್ಲಿ ಬಿಟ್ಟೇಬಿಡುತ್ತದೆ.

1969ರಲ್ಲಿ ಎಂ. ಲಾಲ್ ಪ್ರಕಟಿಸಿದ ತಿರುಗಣಿ ವಿಧಾನ ಇವೆಲ್ಲಕ್ಕಿಂತ ದಿಟ್ಟದ್ದು. ಸರಪಳಿಯ ಯಾವುದೋ ಒಂದು ಬಿಂದುವನ್ನು ಆರಿಸಿ, ಅದರಾಚೆಯ ಭಾಗವನ್ನು ಇಡಿಯಾಗಿ ತಿರುಗಿಸುವುದು ಅಥವಾ ಕನ್ನಡಿಬಿಂಬದಂತೆ ಮಗುಚುವುದು. ಡಿಕ್ಕಿಯಾಗದಿದ್ದರೆ ಒಪ್ಪುವುದು, ಡಿಕ್ಕಿಯಾದರೆ ಹಳೆಯದನ್ನೇ ಉಳಿಸಿಕೊಂಡು ಅದನ್ನು ಇನ್ನೊಮ್ಮೆ ಎಣಿಸುವುದು. ಬಹುಪಾಲು ಪ್ರಯತ್ನಗಳು ವ್ಯರ್ಥವಾಗುತ್ತವೆಂದು ಮೇಲ್ನೋಟಕ್ಕೆ ಅನ್ನಿಸುವುದರಿಂದಲೋ ಏನೋ, ಇಪ್ಪತ್ತು ವರ್ಷ ಇದನ್ನು ಹೆಚ್ಚು ಜನ ಕೈಗೆತ್ತಿಕೊಳ್ಳಲಿಲ್ಲ. 1988ರಲ್ಲಿ ನೀಲ್ ಮದ್ರಾಸ್ ಮತ್ತು ಅಲನ್ ಸೋಕಲ್ ಲೆಕ್ಕಹಾಕಿ ತೋರಿಸಿದಾಗ ಚಿತ್ರ ಬದಲಾಯಿತು: ಒಪ್ಪಿಗೆಯಾಗುವ ಪ್ರಮಾಣ ಸರಪಳಿ ಬೆಳೆದಂತೆ ಬಹಳ ನಿಧಾನವಾಗಿ ಇಳಿಯುತ್ತದೆ, ಒಮ್ಮೆ ಒಪ್ಪಿಗೆಯಾದರೆ ಇಡೀ ಆಕಾರವೇ ಬದಲಾಗಿ ಹೊಸ ಮಾದರಿ ಸಿಗುತ್ತದೆ, ಮತ್ತು ಯಾವ ಆಕಾರವೂ ಎಟುಕದೆ ಉಳಿಯುವುದಿಲ್ಲ. 2010ರಲ್ಲಿ ನೇಥನ್ ಕ್ಲಿಸ್ಬಿ ಇದೇ ವಿಧಾನವನ್ನು ಜಾಣ ದತ್ತರಚನೆಯೊಂದಿಗೆ ಬೆಸೆದು 3.3 ಕೋಟಿ ಹೆಜ್ಜೆಗಳ ನಡಿಗೆಯವರೆಗೆ ಹೋದ. ಯಂತ್ರದ ವೇಗಕ್ಕಿಂತ ಉಪಾಯದ ವೇಗ ಹೆಚ್ಚು ಫಲ ಕೊಟ್ಟ ಸಂದರ್ಭಗಳಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ.

ಇಷ್ಟೆಲ್ಲ ಪರಿಶ್ರಮ ಒಂದೇ ಸಂಖ್ಯೆಗಾಗಿ. ಸರಪಳಿಯ ಗಾತ್ರ ಕೊಂಡಿಗಳ ಸಂಖ್ಯೆಯ ಯಾವ ಘಾತಕ್ಕೆ ಅನುಗುಣ? ಯಾದೃಚ್ಛಿಕ ನಡಿಗೆಗೆ ಅದು ಅರ್ಧ. ತನ್ನನ್ನು ತಪ್ಪಿಸಿಕೊಳ್ಳುವ ಸರಪಳಿಗೆ ಪಾಲ್ ಫ್ಲೋರಿ ಎರಡು ಪ್ರವೃತ್ತಿಗಳ ತೂಗಾಟದಿಂದ ಉತ್ತರ ಕೊಟ್ಟ: ಮಣಿಗಳ ಪರಸ್ಪರ ತಳ್ಳಾಟ ಸರಪಳಿಯನ್ನು ಹಿಗ್ಗಿಸುತ್ತದೆ, ಆಕಾರಗಳ ಸಂಖ್ಯೆ ಕುಗ್ಗುವುದು ಅದನ್ನು ತಡೆಯುತ್ತದೆ. ಎರಡು ಆಯಾಮದಲ್ಲಿ ಮುಕ್ಕಾಲು, ಮೂರು ಆಯಾಮದಲ್ಲಿ ಐದರಲ್ಲಿ ಮೂರು. ಮೂರು ಆಯಾಮದ ಸಂಖ್ಯೆ ಕ್ಲಿಸ್ಬಿಯ ಲೆಕ್ಕದಲ್ಲಿ 0.587597, ಎರಡು ಆಯಾಮದ್ದು ಮುಕ್ಕಾಲೇ ಎಂದು ನೀನ್‌ಹೌಸ್ 1982ರಲ್ಲಿ ತೋರಿಸಿದ. ಫ್ಲೋರಿಯ ವಾದದಲ್ಲಿ ತಳ್ಳಾಟವನ್ನೂ ತಡೆಯನ್ನೂ ಮಿತಿಮೀರಿ ಎಣಿಸಲಾಗಿದೆ, ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಬಹುಮಟ್ಟಿಗೆ ಸರಿಯಾಗಿದೆ ಎಂಬುದು ಪರಿಣತರೆಲ್ಲ ಒಪ್ಪಿದ ಮಾತು. ಅಷ್ಟು ಅದೃಷ್ಟ ಎಲ್ಲ ಸಿದ್ಧಾಂತಗಳಿಗೂ ಒದಗುವುದಿಲ್ಲ. 1972ರಲ್ಲಿ ಪಿಯೆರ್ ಜಿಲ್ ದ ಜೆನ್ ಇದೇ ಸರಪಳಿಯನ್ನು ಕಾಂತವಸ್ತುಗಳ ಸ್ಥಿತ್ಯಂತರದ ಗಣಿತಕ್ಕೆ ಜೋಡಿಸಿದ ಮೇಲೆ, ಈ ಘಾತ ಯಾವ ಪಾಲಿಮರ್, ಯಾವ ಜಾಲಕ ಎಂಬುದನ್ನು ಅವಲಂಬಿಸದ ಸಾರ್ವತ್ರಿಕ ಸಂಖ್ಯೆಯೆಂಬುದು ಗಟ್ಟಿಯಾಯಿತು. ಹತ್ತು ಸಾವಿರ ಕೊಂಡಿಗಳ ಸರಪಳಿ ಒಳ್ಳೆಯ ದ್ರಾವಕದಲ್ಲಿ, ಅಂದರೆ ಮಣಿಗಳು ಪರಸ್ಪರ ತಳ್ಳಿಕೊಳ್ಳುವಲ್ಲಿ, ನೂರರ ಬದಲು ಸುಮಾರು 225 ಕೊಂಡಿಗಳಷ್ಟು ಹರಡುತ್ತದೆ. ಸಮತಲಕ್ಕೆ ಅಂಟಿಕೊಂಡರೆ ಸಾವಿರದಷ್ಟು.

ಇಂಥ ಪ್ರೋಗ್ರಾಮು ಸರಿಯಾಗಿದೆಯೇ ಎಂದು ನೋಡಲು ಕಾಗದ ಪೆನ್ಸಿಲ್ ಸಾಕು. ಎರಡು ಹೆಜ್ಜೆಯ ಹನ್ನೆರಡು ನಡಿಗೆಗಳಲ್ಲಿ ನಾಲ್ಕು ನೇರ, ಎಂಟು ಬಾಗಿದವು. ದೂರದ ವರ್ಗದ ಸರಾಸರಿ 32 ಭಾಗಿಸು 12, ಅಂದರೆ 2.67. ಮೂರು ಹೆಜ್ಜೆಗೆ 41 ಭಾಗಿಸು 9, ಅಂದರೆ 4.56. ಪ್ರೋಗ್ರಾಮು ಇವೆರಡನ್ನೂ ಕೊಡದಿದ್ದರೆ ಮುಂದಿನ ಗ್ರಾಫುಗಳನ್ನು ನೋಡುವ ಅಗತ್ಯವಿಲ್ಲ. ಸರಿಯಾದ ಪ್ರೋಗ್ರಾಮಿನಿಂದಲೂ ತಪ್ಪು ತೀರ್ಮಾನ ಹುಟ್ಟಬಹುದು. ಅಲುಗಾಡಿಸುವ ವಿಧಾನಗಳಲ್ಲಿ ಒಂದರ ನಂತರ ಒಂದು ಬರುವ ಆಕಾರಗಳು ಅಕ್ಕತಂಗಿಯರಷ್ಟು ಹತ್ತಿರದವು. ಹತ್ತು ಲಕ್ಷ ಮಾದರಿ ತೆಗೆದೆವೆಂದರೂ ನಿಜವಾಗಿ ಸ್ವತಂತ್ರವಾದವು ಕೆಲವು ನೂರೇ ಇರಬಹುದು. ಒಂದೊಂದೇ ಮಣಿ ಮಗುಚುವ ಸ್ಥಳೀಯ ಚಲನೆಯಲ್ಲಿ ಸರಪಳಿ ಹತ್ತು ಪಟ್ಟು ಉದ್ದವಾದರೆ ಅದು ತನ್ನ ಆಕಾರ ಮರೆಯಲು ಬೇಕಾಗುವ ಸುತ್ತುಗಳು (ಒಂದು ಸುತ್ತೆಂದರೆ ಪ್ರತಿ ಮಣಿಗೂ ಒಂದು ಪ್ರಯತ್ನ) ಸುಮಾರು 150 ಪಟ್ಟು. ಪ್ರತಿ ಸುತ್ತಿನ ಕೆಲಸವೂ ಹತ್ತು ಪಟ್ಟಾಗುವುದರಿಂದ ಒಟ್ಟು ಲೆಕ್ಕ 1,500 ಪಟ್ಟು. ದತ್ತಾಂಶವನ್ನು ದೊಡ್ಡ ದೊಡ್ಡ ತುಂಡುಗಳಾಗಿ ಕಟ್ಟಿ, ತುಂಡುಗಳ ಸರಾಸರಿಗಳ ನಡುವಿನ ಏರುಪೇರು ನೋಡಿ ದೋಷಮಿತಿ ಹೇಳುವುದು ಕನಿಷ್ಠ ಶಿಸ್ತು. ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: 1960ರ ದಶಕದಿಂದ ಐಬಿಎಂ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ರಾಂಡು ಎಂಬ ಉತ್ಪಾದಕದ ಸಂಖ್ಯೆಗಳನ್ನು ಮೂರು ಮೂರಾಗಿ ಗುರುತಿಸಿದರೆ ಎಲ್ಲ ಬಿಂದುಗಳೂ ಹದಿನೈದೇ ಸಮತಲಗಳ ಮೇಲೆ ಬೀಳುತ್ತಿದ್ದವು. ಮಾದರಿ ಒರಟಾಗಿರುವುದರಿಂದ ಕೆಟ್ಟ ಲೆಕ್ಕಗಳಿಗಿಂತ ಮಾದರಿಸಂಗ್ರಹ ಸಾಲದೆ ಕೆಟ್ಟ ಲೆಕ್ಕಗಳೇ ಹೆಚ್ಚು.

ದ್ರಾವಕ ಒಳ್ಳೆಯದಾಗಿರಬೇಕೆಂದಿಲ್ಲ. ಮಣಿಗಳು ಪರಸ್ಪರ ಆಕರ್ಷಿಸಿಕೊಂಡರೆ, ಅಂದರೆ ಜಾಲಕದಲ್ಲಿ ಪಕ್ಕಪಕ್ಕ ಬಂದ ಪ್ರತಿ ಜೋಡಿಗೂ ಒಂದಿಷ್ಟು ಶಕ್ತಿ ಕಡಿಮೆಯಾಗುತ್ತದೆಂದರೆ, ತಾಪ ಇಳಿದಂತೆ ಸರಪಳಿ ಉಂಡೆಯಾಗಿ ಕುಸಿಯುತ್ತದೆ. ಶಕ್ತಿ ಇಳಿಸುವ ಚಲನೆಯನ್ನು ಸದಾ ಒಪ್ಪಿ, ಏರಿಸುವುದನ್ನು ತಾಪಕ್ಕೆ ತಕ್ಕಂತೆ ಆಗೊಮ್ಮೆ ಈಗೊಮ್ಮೆ ಮಾತ್ರ ಒಪ್ಪುವ ಮೆಟ್ರೋಪೊಲಿಸ್ ನಿಯಮದ ಎರಡು ಸಾಲು ಸೇರಿಸಿದರೆ ಇದು ಪರದೆಯ ಮೇಲೆ ಕಾಣುತ್ತದೆ. ಹಿಗ್ಗುವ, ಕುಸಿಯುವ ಪ್ರವೃತ್ತಿಗಳು ಸರಿಸಮವಾಗುವ ತಾಪಕ್ಕೆ ಥೀಟಾ ತಾಪವೆಂದು ಹೆಸರು. ಸೈಕ್ಲೊಹೆಕ್ಸೇನಿನಲ್ಲಿ ಕರಗಿದ ಪಾಲಿಸ್ಟೈರೀನಿಗೆ ಅದು 34.5 ಡಿಗ್ರಿ ಸೆಲ್ಸಿಯಸ್. ಮಣಿಗಳನ್ನು ನೀರಿಗೆ ಹೆದರುವವು, ಹೆದರದವು ಎಂದು ಎರಡೇ ಜಾತಿ ಮಾಡಿದರೆ ಪ್ರೋಟೀನಿನ ಮಡಿಕೆಗೆ ಅತಿ ಬಡ ಮಾದರಿ ಸಿಗುತ್ತದೆ. ಕೆನ್ ಡಿಲ್ 1980ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದ. ಇಪ್ಪತ್ತು ಅಮೈನೊ ಆಮ್ಲಗಳನ್ನು ಎರಡಕ್ಕಿಳಿಸಿದರೂ ಸಮಸ್ಯೆ ಸುಲಭವಾಗಲಿಲ್ಲವೆಂಬುದು ಆ ಮಾದರಿ ಕಲಿಸಿದ ಮೊದಲ ಸಂಗತಿ. ಹೆಬ್ಬಾಳದಾಚೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಶಚಿ ಗೋಸಾವಿ ಅವರ ಗುಂಪು ಬಳಸುವ ರಚನಾಧಾರಿತ ಮಾದರಿಗಳು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನವು: ಪ್ರೋಟೀನಿನ ಅಂತಿಮ ಆಕಾರ ಗೊತ್ತಿದೆಯೆಂದು ಇಟ್ಟುಕೊಂಡು, ಅಲ್ಲಿ ಹತ್ತಿರವಿರುವ ಜೋಡಿಗಳಿಗೆ ಮಾತ್ರ ಆಕರ್ಷಣೆ ಕೊಟ್ಟು, ಅಲ್ಲಿಗೆ ತಲುಪುವ ದಾರಿಯನ್ನು ಅಧ್ಯಯನ ಮಾಡುತ್ತಾರೆ.

ಪ್ರೋಟೀನಿನ ಮಾತು ಬಂದಾಗ ಜಿ. ಎನ್. ರಾಮಚಂದ್ರನ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ಎರಡು ಪರಮಾಣುಗಳು ಒಂದು ಮಿತಿಗಿಂತ ಹತ್ತಿರ ಬರಬಾರದು ಎಂಬ ಒಂದೇ ನಿಯಮದಿಂದ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ 1963ರಲ್ಲಿ ಅವರು ಪ್ರಕಟಿಸಿದ ನಕ್ಷೆ, ಪ್ರೋಟೀನ್ ಸರಪಳಿಯ ಎರಡು ತಿರುಗುಕೋನಗಳಿಗೆ ಯಾವ ಬೆಲೆಗಳು ಸಾಧ್ಯ, ಯಾವುವು ಅಸಾಧ್ಯ ಎಂದು ಗೆರೆ ಎಳೆಯಿತು. ಆ ಕೆಲಸ ನಡೆದದ್ದು ಮದ್ರಾಸಿನಲ್ಲಿ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಭೌತ ವಿಭಾಗವನ್ನು ಕಟ್ಟಿದರು. ತನ್ನನ್ನು ತಪ್ಪಿಸಿಕೊಳ್ಳುವ ನಡಿಗೆಯಲ್ಲಿರುವ ನಿಯಮವೂ ಅದೇ, ರಾಮಚಂದ್ರನ್ ನಕ್ಷೆಯ ನಿಯಮವೂ ಅದೇ. ಒಂದು ದೂರದ ಕೊಂಡಿಗಳಿಗೆ ಅನ್ವಯವಾದರೆ ಇನ್ನೊಂದು ಪಕ್ಕದ ಕೊಂಡಿಗಳಿಗೆ. ಫ್ಲೋರಿಯ ಗುಂಪು 1960ರ ದಶಕದಲ್ಲಿ ಪಾಲಿಪೆಪ್ಟೈಡ್ ಸರಪಳಿಗಳ ಗಾತ್ರ ಲೆಕ್ಕಹಾಕಿದ್ದೂ ಇಂಥ ಕೋನನಕ್ಷೆಗಳ ಮೇಲೆಯೇ.

ಡಿಎನ್‌ಎಯಂಥ ಬಿರುಸಾದ ಸರಪಳಿಗಳ ಕಥೆ ಬೇರೆ. ಎರಡು ಎಳೆಗಳು ಹೆಣೆದುಕೊಂಡಿರುವುದರಿಂದ ಅದು ಸುಮಾರು 50 ನ್ಯಾನೊಮೀಟರ್‌ವರೆಗೆ ತನ್ನ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ. ಕ್ರಾಟ್ಕಿ ಮತ್ತು ಪೊರೋಡ್ 1949ರಲ್ಲಿ ಕೊಟ್ಟ ಹುಳುವಿನಂಥ ಸರಪಳಿಯ ಮಾದರಿಯಲ್ಲಿ ಬಾಗುವುದಕ್ಕೆ ಶಕ್ತಿ ತೆರಬೇಕು, ಅಷ್ಟೇ. ಅನುಕರಿಸುವುದೂ ಸುಲಭ: ಪ್ರತಿ ಕೊಂಡಿಯೂ ಹಿಂದಿನದರಿಂದ ಒಂದು ಸಣ್ಣ ಯಾದೃಚ್ಛಿಕ ಕೋನಕ್ಕೆ ತಿರುಗುತ್ತದೆ, ಸರಪಳಿ ತನ್ನನ್ನು ದಾಟುವುದನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದ ಯಾವ ನಡಿಗೆಯನ್ನೂ ಎಸೆಯಬೇಕಿಲ್ಲ. 1990ರ ದಶಕದಲ್ಲಿ ಒಂಟಿ ಡಿಎನ್‌ಎ ಅಣುವಿನ ತುದಿ ಹಿಡಿದು ಎಳೆದು ಬಲ ಅಳೆಯುವ ಪ್ರಯೋಗಗಳು ಬಂದವು. 1995ರಲ್ಲಿ ಮಾರ್ಕೊ ಮತ್ತು ಸಿಗ್ಗಿಯಾ ಉದ್ದ ಸರಪಳಿಗೆ ಒಪ್ಪುವ ಸೂತ್ರ ಕೊಟ್ಟರು. ಗಿಡ್ಡ ಸರಪಳಿಗಳ ಪ್ರಶ್ನೆ ಉಳಿಯಿತು, ಮತ್ತು ಮೇಖ್ರಿ ವೃತ್ತದ ಪಕ್ಕದ ರಾಮನ್ ಸಂಸ್ಥೆ ಈ ಕಥೆಯೊಳಗೆ ಬರುವುದು ಅಲ್ಲಿಯೇ.

2002ರಲ್ಲಿ ಜೋಸೆಫ್ ಸ್ಯಾಮುಯೆಲ್ ಮತ್ತು ಸುಪೂರ್ಣಾ ಸಿನ್ಹಾ ಅಲ್ಲಿಂದ ಪ್ರಕಟಿಸಿದ ವಿಧಾನ, ಸರಪಳಿಯ ಸಮಸ್ಯೆಯನ್ನು ಗೋಳದ ಮೇಲೆ ಚಲಿಸುವ ಕ್ವಾಂಟಮ್ ಕಣದ ಸಮಸ್ಯೆಯಾಗಿ ಬರೆದು, ಅನಂತ ಗಾತ್ರದ ಕೋಷ್ಟಕವೊಂದನ್ನು ಕತ್ತರಿಸಿ ಕಂಪ್ಯೂಟರಿನಲ್ಲಿ ಬಿಡಿಸುತ್ತದೆ. ಎಷ್ಟು ನಿಖರತೆ ಬೇಕೋ ಅಷ್ಟು ದೊಡ್ಡ ಕೋಷ್ಟಕ ತೆಗೆದುಕೊಂಡರಾಯಿತು. ಯಾವ ಬಿರುಸುತನದ ಸರಪಳಿಗೂ ನಡೆಯುತ್ತದೆ. ಅದೇ ವರ್ಷ, ಅದೇ ಸಂಸ್ಥೆಯಲ್ಲಿದ್ದ ಅಭಿಷೇಕ್ ಧರ್ ಅವರು ದೇಬಾಶಿಷ್ ಚೌಧುರಿ ಅವರೊಂದಿಗೆ, ಯಾದೃಚ್ಛಿಕವಾಗಿ ಮಾದರಿ ತೆಗೆಯುವ ಮಾಂಟೆ ಕಾರ್ಲೊ ಲೆಕ್ಕದಿಂದ ಒಂದು ಅನಿರೀಕ್ಷಿತ ಸಂಗತಿ ತೋರಿಸಿದರು. ಮೆತ್ತನೆಯ ಸರಪಳಿಗೆ ತುದಿಗಳು ಒಂದೆಡೆ ಸೇರಿದ ಸ್ಥಿತಿ ಹಿತ. ಬಿರುಸಾದದ್ದಕ್ಕೆ ಚಾಚಿಕೊಂಡ ಸ್ಥಿತಿ. ನಡುವಿನ ಬಿರುಸುತನದಲ್ಲಿ ಒಂದರಿಂದ ಇನ್ನೊಂದಕ್ಕೆ ನಯವಾಗಿ ಜಾರಬಹುದೆಂಬ ಊಹೆ ಸುಳ್ಳಾಯಿತು. ಮುದುಡಿದ ಸ್ಥಿತಿಯೂ ಚಾಚಿದ ಸ್ಥಿತಿಯೂ ಒಟ್ಟಿಗೆ ಸ್ಥಿರವಾಗಿ, ನಡುವೆ ದಿಬ್ಬವಿಟ್ಟುಕೊಂಡು ನಿಂತವು. ಇದರಿಂದ ಇನ್ನೊಂದು ಮಾತು ಹೊರಟಿತು: ತುದಿಗಳ ದೂರ ಹಿಡಿದಿಟ್ಟು ಬಲ ಅಳೆಯುವ ಪ್ರಯೋಗಕ್ಕೂ ಬಲ ಹಿಡಿದಿಟ್ಟು ದೂರ ಅಳೆಯುವ ಪ್ರಯೋಗಕ್ಕೂ ಗಿಡ್ಡ ಸರಪಳಿಗಳಲ್ಲಿ ಒಂದೇ ಉತ್ತರ ಬರಬೇಕಿಲ್ಲ. ಅಪಾರ ಸಂಖ್ಯೆಯ ಕಣಗಳಿಗೆಂದು ಬರೆದ ಪಠ್ಯಪುಸ್ತಕದ ಸಮಾನತೆ ಒಂಟಿ ಅಣುವಿನ ಮುಂದೆ ಸೋಲುತ್ತದೆ. ಇಷ್ಟನ್ನು ಕಾಣಲು ಬೇಕಾದದ್ದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಓಡುವಷ್ಟು ಸಣ್ಣ ಮಾದರಿ. ಧರ್ ಮುಂದೆ ಶಿವಕೋಟೆಯ ಕೇಂದ್ರಕ್ಕೆ ಹೋದರು. 2010ರಲ್ಲಿ ರಾಮನ್ ಸಂಸ್ಥೆಯಲ್ಲಿ ಆರಂಭವಾದ ಸಂಖ್ಯಾಶಾಸ್ತ್ರೀಯ ಭೌತವಿಜ್ಞಾನದ ಬೆಂಗಳೂರು ಶಾಲೆಯೂ ನಂತರ ಆ ಕೇಂದ್ರದಲ್ಲಿ ನೆಲೆಯಾಯಿತು.

ಇಲ್ಲಿಯವರೆಗಿನದೆಲ್ಲ ನಿಂತ ಚಿತ್ರ. ಚಲನೆಗೆ ಬಂದರೆ 1953ರ ರೌಸ್ ಮಾದರಿ ಮೊದಲು: ಸ್ಪ್ರಿಂಗುಗಳಿಂದ ಪೋಣಿಸಿದ ಮಣಿಗಳು, ಪ್ರತಿ ಮಣಿಗೂ ದ್ರಾವಕದ ಯಾದೃಚ್ಛಿಕ ತಾಡನ. ಮೂರು ವರ್ಷದ ನಂತರ ಜಿಮ್ ಒಂದು ಮಣಿ ಚಲಿಸಿದಾಗ ದ್ರವವೂ ಹರಿದು ಇತರ ಮಣಿಗಳನ್ನು ಎಳೆಯುವುದನ್ನು ಸೇರಿಸಿದ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಲ್. ಸೆಬಾಸ್ಟಿಯನ್ 2000ದಲ್ಲಿ ಸಹಲೇಖಕರೊಬ್ಬರೊಂದಿಗೆ ರೌಸ್ ಸರಪಳಿಯನ್ನು ಶಕ್ತಿಯ ದಿಬ್ಬವೊಂದರ ಎದುರು ನಿಲ್ಲಿಸಿದರು. ಇಡೀ ಸರಪಳಿ ಒಮ್ಮೆಲೇ ದಿಬ್ಬ ಹತ್ತಬೇಕಿದ್ದರೆ ಉದ್ದವಾದಷ್ಟೂ ಅದು ಅಸಾಧ್ಯವಾಗುತ್ತಿತ್ತು. ಆಗುವುದು ಹಾಗಲ್ಲ: ಒಂದು ಭಾಗ ದಾಟಿ ಆಚೆ ಬಿದ್ದರೆ ದಿಬ್ಬದ ಮೇಲಿರುವ ಮಡಿಕೆಯೊಂದು ಸರಪಳಿಯುದ್ದಕ್ಕೂ ಸಾಗಿ ಉಳಿದದ್ದನ್ನು ದಾಟಿಸುತ್ತದೆ. ಜೀವಕೋಶದ ಪೊರೆಯ ರಂಧ್ರದಲ್ಲಿ ಡಿಎನ್‌ಎ ನುಸುಳುವ ಪ್ರಶ್ನೆಗೆ ಇದು ಹತ್ತಿರದ ಸಂಬಂಧಿ.

ಕರಗಿದ ಪ್ಲಾಸ್ಟಿಕ್ಕಿನಲ್ಲಿ ಸರಪಳಿಗಳು ತಟ್ಟೆಯಲ್ಲಿನ ಒತ್ತುಶಾವಿಗೆಯಂತೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ವಿಚಿತ್ರವೆಂದರೆ ಈ ದಟ್ಟಣೆಯಲ್ಲಿ ಸರಪಳಿಯ ಗಾತ್ರ ಮತ್ತೆ ವರ್ಗಮೂಲದ ನಿಯಮಕ್ಕೆ ಮರಳುತ್ತದೆ. ಒಳಗಿನಿಂದ ತಳ್ಳುವವರಷ್ಟೇ ಹೊರಗಿನಿಂದ ಒತ್ತುವವರೂ ಇರುವುದರಿಂದ ಹಿಗ್ಗಿ ಲಾಭವಿಲ್ಲ. 1970ರ ದಶಕದ ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳು ಫ್ಲೋರಿಯ ಈ ಊಹೆಯನ್ನು ನಿಜಮಾಡಿದವು. ಚಲನೆ ಮಾತ್ರ ಬೇರೆಯೇ. ಅಕ್ಕಪಕ್ಕಕ್ಕೆ ಸರಿಯಲಾಗದೆ ಸರಪಳಿ ತನ್ನ ಉದ್ದಕ್ಕೆ ಮಾತ್ರ ತೆವಳಬಲ್ಲದು ಎಂದು ದ ಜೆನ್ 1971ರಲ್ಲಿ ಹೇಳಿದ. ಹಾಗಿದ್ದರೆ ಅದು ತನ್ನ ಆಕಾರ ಮರೆಯಲು ಬೇಕಾದ ವಿಶ್ರಾಂತಿಕಾಲ ಉದ್ದದ ಘನಕ್ಕೆ ಅನುಗುಣವಾಗಿರಬೇಕು. ಅಳತೆಯಲ್ಲಿ ಘಾತ 3.4ರ ಬಳಿ ಬರುತ್ತದೆ. 1990ರಲ್ಲಿ ಕುರ್ಟ್ ಕ್ರೆಮರ್ ಮತ್ತು ಗ್ಯಾರಿ ಗ್ರೆಸ್ಟ್, ತಳ್ಳುವ ಮಣಿಗಳು ಮತ್ತು ಹರಿಯದ ಸ್ಪ್ರಿಂಗುಗಳಷ್ಟೇ ಇರುವ ಮಾದರಿಯಿಂದ ಈ ತೆವಳಿಕೆಯನ್ನು ಕಂಪ್ಯೂಟರಿನಲ್ಲಿ ಕಂಡರು. ಸಿಕ್ಕು ಬೀಳಲು ಸುಮಾರು 35 ಮಣಿಗಳ ಉದ್ದ ಸಾಕೆಂದು ಅವರ ಅಂದಾಜಾಗಿತ್ತು. ನಂತರದ ವಿಶ್ಲೇಷಣೆಗಳು ಅದನ್ನು ಸುಮಾರು ಇಮ್ಮಡಿಗೊಳಿಸಿದವು. ಈ ಮಾದರಿ ಈಗ ಲ್ಯಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲವೇ ಸಾಲುಗಳ ಆಜ್ಞೆಯಾಗಿ ಸಿಗುತ್ತದೆ.

ಮಣಿಮಾದರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಬೇಕಾದಷ್ಟಿವೆ. ಈ ಪ್ಲಾಸ್ಟಿಕ್ ಎಷ್ಟು ಡಿಗ್ರಿಗೆ ಗಾಜಿನಂತೆ ಗಡಸಾಗುತ್ತದೆ, ಈ ಔಷಧ ಆ ಸರಪಳಿಗೆ ಅಂಟುತ್ತದೆಯೇ ಎಂದರೆ ಪರಮಾಣುಗಳನ್ನೇ ಎಣಿಸಬೇಕು. ಅಲ್ಲಿ ಕಾಲದ ಹೆಜ್ಜೆ ಒಂದೆರಡು ಫೆಮ್ಟೊಸೆಕೆಂಡ್. ಎರಡು ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ ಒಂದು ಮೈಕ್ರೊಸೆಕೆಂಡ್ ಕ್ರಮಿಸಲು 50 ಕೋಟಿ ಹೆಜ್ಜೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಬಲ್ ಮೈತಿ ಅವರ ಗುಂಪು ಡಿಎನ್‌ಎ ಮತ್ತು ಮರದಂತೆ ಕವಲೊಡೆಯುವ ಡೆಂಡ್ರಿಮರ್ ಅಣುಗಳನ್ನು ಈ ಮಟ್ಟದಲ್ಲಿ ಅನುಕರಿಸುತ್ತದೆ. ಜಕ್ಕೂರಿನಲ್ಲಿ ಎಸ್. ಬಾಲಸುಬ್ರಮಣಿಯನ್ ಅವರ ಗುಂಪು, ಕೊಂಡಿಗಳು ಗಟ್ಟಿಯಾಗಿ ಬೆಸೆದುಕೊಳ್ಳದೆ ಜಲಜನಕ ಬಂಧಗಳಿಂದ ಕೂಡಿ ಬಿಡಿಸಿಕೊಳ್ಳುವ ಅತಿಅಣು ಪಾಲಿಮರುಗಳನ್ನು ಲೆಕ್ಕಹಾಕಿದೆ. ಬೆಂಜೀನ್ ತಟ್ಟೆಗಳು ಒಂದರ ಮೇಲೊಂದು ಕಂಬದಂತೆ ಕೂರುವುದನ್ನು ಕುರಿತ ಅವರ 2014ರ ಕೆಲಸ ಅದರಲ್ಲೊಂದು. ಇಂಥದ್ದಕ್ಕೆ 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪಿನ ಪರಮ್ ಪ್ರವೇಗದಂಥ ಯಂತ್ರ ಬೇಕು. ಇಷ್ಟಾದರೂ ಸಾವಿರಾರು ಕೊಂಡಿಗಳ ಸರಪಳಿಗಳು ಸಿಕ್ಕು ಬಿಡಿಸಿಕೊಳ್ಳುವ ಕಾಲವನ್ನು ಪರಮಾಣು ಮಟ್ಟದ ಲೆಕ್ಕ ಮುಟ್ಟಲಾರದು. ಹಾಗಾಗಿ ದೊಡ್ಡ ಲೆಕ್ಕದಿಂದ ಕೆಲವು ಸಂಖ್ಯೆಗಳನ್ನು ಹೆಕ್ಕಿ ಮಣಿಮಾದರಿಗೆ ತುಂಬಿ, ಉಳಿದ ದಾರಿಯನ್ನು ಅದರಲ್ಲೇ ನಡೆಯುವುದು ರೂಢಿ.

ತುದಿಗಳಿಲ್ಲದ ಸರಪಳಿ, ಅಂದರೆ ಉಂಗುರ, ಈ ಎಲ್ಲ ಜಾಣತನಕ್ಕೂ ಒಡ್ಡಿದ ಸವಾಲು. ತೆವಳಲು ತಲೆಯೂ ಬಾಲವೂ ಇಲ್ಲ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದ ಉಂಗುರಗಳು ದಟ್ಟಣೆಯಲ್ಲಿ ಹೇಗಿರುತ್ತವೆಂದು ಹೇಳಲು ಫ್ಲೋರಿಯ ವಾದವಾಗಲಿ ತೆವಳಿಕೆಯ ಸಿದ್ಧಾಂತವಾಗಲಿ ನೇರವಾಗಿ ಒದಗುವುದಿಲ್ಲ. 2011ರಲ್ಲಿ ಹಾಲ್ವರ್‌ಸನ್, ಗ್ರೆಸ್ಟ್, ಗ್ರೋಸ್‌ಬರ್ಗ್, ಕ್ರೆಮರ್ ಮೊದಲಾದವರ ಅನುಕರಣೆಗಳಲ್ಲಿ ಉದ್ದ ಉಂಗುರಗಳ ಗಾತ್ರದ ಘಾತ ಮೂರನೆಯ ಒಂದರ ಕಡೆಗೆ ಇಳಿಯಿತು: ಪ್ರತಿ ಉಂಗುರವೂ ತನ್ನ ಪಾಡಿಗೆ ಉಂಡೆಗಟ್ಟುತ್ತದೆ, ಆದರೆ ನೆರೆಯವರೊಂದಿಗೆ ಬೆರೆಯುವುದನ್ನೂ ಪೂರ್ತಿ ಬಿಡುವುದಿಲ್ಲ. ಮನುಷ್ಯನ ಜೀವಕೋಶದ ಕೇಂದ್ರದಲ್ಲಿ ಸುಮಾರು ಎರಡು ಮೀಟರ್ ಡಿಎನ್‌ಎ ಸಿಕ್ಕಾಗದೆ, ಪ್ರತಿ ವರ್ಣತಂತುವೂ ತನ್ನ ವಲಯದಲ್ಲೇ ಇರುವುದಕ್ಕೆ ಈ ಮಾದರಿಯನ್ನು ಹೋಲಿಸಿ ನೋಡಲಾಗುತ್ತಿದೆ. ಉಂಗುರಗಳ ಗುಂಪು ಎಷ್ಟು ಹೊತ್ತಿನಲ್ಲಿ ತನ್ನ ಆಕಾರ ಮರೆಯುತ್ತದೆಂಬುದಕ್ಕೆ ಎಲ್ಲರೂ ಒಪ್ಪುವ ಸಿದ್ಧಾಂತ ಇನ್ನೂ ಬಂದಿಲ್ಲ.